ಮೊಟ್ಟೆಗೂಡಿನ ಮೇಸ್ತ್ರಿ

ದರ್ಜಿಗೆ ಕೋಳಿ ಕಂಡರೆ ಅಷ್ಟಕ್ಕಷ್ಟೆ. ಅದರ ವಾಸನೆ ಆಗದು. ತಲೆ ಓರೆ ಮಾಡಿಕೊಂಡು ಒಂದೇ ಕಣ್ಣಲ್ಲಿ, ಕೊಟ್ಟ ಬಟ್ಟೆ ಹಾಳು ಮಾಡಿದನೇನೋ ಎಂಬಂತೆ ನೋಡುವ ಅದರ ನೋಟವಂತೂ ಸುತರಾಂ ಆಗದು. ಆದರೂ ಅರವತ್ತು ದಾಟಿದ ಮೇಲೆ ಅವನು ಹಿತ್ತಲಲ್ಲಿ ನಾಲ್ಕು ಕೋಳಿ ತಂದು ಬಿಟ್ಟುಕೊಂಡ. ಹೆಂಡತಿಯ ಸಲುವಾಗಿ.

ಆಕೆ ಇಪ್ಪತ್ತೈದು ವರ್ಷ ಬೇಕರಿಯಲ್ಲಿ ದುಡಿದವಳು. ಒಂದೊಂದು ಕೈಲಿ ಒಂದೊಂದು ಮೊಟ್ಟೆ ಹಿಡಿದು, ಒಟ್ಟಿಗೇ ಒಡೆದು, ಚಿಪ್ಪಿನ ಚೂರು ಬೀಳದ ಹಾಗೆ ಹಿಟ್ಟಿಗೆ ಸುರಿಯುತ್ತಿದ್ದಳು. ಬಾಯಿ ಜೋರು, ನಗು ಇನ್ನೂ ಜೋರು. ಅಂಥವಳು ಒಂದು ದಿನ ಬೇಕರಿಗೆ ಹೋಗುವ ದಾರಿ ಮರೆತಳು. ಇನ್ನೊಂದು ದಿನ ಒಲೆ ಹಚ್ಚಿದ್ದು ಮರೆತಳು. ಡಾಕ್ಟರು ಪರೀಕ್ಷೆ ಮಾಡಿ, ದರ್ಜಿಯನ್ನು ಪಕ್ಕಕ್ಕೆ ಕರೆದು, "ಇದು ಹೀಗೇ ಹೋಗುತ್ತೆ. ವಾಪಸ್ ಬರೋದಿಲ್ಲ. ನೀವು ಧೈರ್ಯ ತಂದ್ಕೋಬೇಕು" ಎಂದರು. ದರ್ಜಿ ಅಂಗಡಿ ಮುಚ್ಚಿ ಹೊಲಿಗೆ ಯಂತ್ರವನ್ನು ಮನೆಗೆ ತಂದ. ಬಟ್ಟೆಯ ಥಾನು ಜೋಡಿಸಿಡುತ್ತಿದ್ದ ಮರದ ರ‍್ಯಾಕನ್ನು ಹಿತ್ತಲ ತಗಡಿನ ಮಾಡಿನ ಕೆಳಗೆ ಗೋಣಿ ಹೊದಿಸಿ ನಿಲ್ಲಿಸಿದ.

ಅದಾದ ಮೇಲೆ ಶುರುವಾದದ್ದು ಸಂಜೆಯ ಕಾಟ. ಬೆಳಕು ಮಂಕಾಗುತ್ತಿದ್ದ ಹಾಗೆ ಆಕೆ ಕೂತಲ್ಲಿಂದ ಎದ್ದು ನಿಲ್ಲುವಳು. "ರೀ, ಕೋಳಿ ಗೂಡಿಗೆ ಸೇರಿದ್ವಾ?"

ಮನೆಯಲ್ಲಿ ಕೋಳಿಯ ಒಂದು ಪುಕ್ಕವೂ ಇರಲಿಲ್ಲ. ಆಕೆ ಕೇಳುತ್ತಿದ್ದದ್ದು ಅಜ್ಜಿಯ ಮನೆಯ ಕೋಳಿಗಳನ್ನು. ಲಂಗ ತೊಡುವ ವಯಸ್ಸಿನಲ್ಲಿ ಅವುಗಳನ್ನು ಕೂಡಿಹಾಕುವ ಕೆಲಸ ಆಕೆಯದಾಗಿತ್ತಂತೆ. ಮೊದಮೊದಲು ದರ್ಜಿ ತಿದ್ದಿದ: "ಯಾವ ಕೋಳಿ ಕಣೇ? ನಮ್ಮನೇಲಿ ಕೋಳಿ ಎಲ್ಲಿದೆ?" ಆಗ ಆಕೆಯ ಮುಖ ನೋಡಲಾಗುತ್ತಿರಲಿಲ್ಲ, ಎಲ್ಲವನ್ನೂ ನರಿ ಹೊತ್ತೊಯ್ದಿತೇನೋ ಎಂಬಷ್ಟು ಗಾಬರಿ. ಹಾಗಾಗಿ ಸುಳ್ಳು ಕಲಿತ. "ಸೇರಿದ್ವು. ನಾನೇ ಬಾಗಿಲು ಹಾಕಿ ಬಂದೆ." ಕೆಲವು ದಿನ ಅದು ನಡೆಯಿತು. ಒಂದು ಸಂಜೆ ಅವನು ಒಳಗೆ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಆಕೆ ಹೊರಟೇ ಹೋದಳು. ಬೀದಿಬೀದಿ ಅಲೆದ ಮೇಲೆ ಬಸ್ ನಿಲ್ದಾಣದ ಹಿಂದೆ ಸಿಕ್ಕಳು. ಸೆರಗಿನ ತುಂಬ ಬ್ರೆಡ್ಡಿನ ಚೂರು. ನಿಂತ ಬಸ್ಸುಗಳ ಚಕ್ರದ ನಡುವೆ ಬಗ್ಗಿ "ಬಾ ಬಾ ಬಾ" ಎಂದು ಕರೆಯುತ್ತಿದ್ದಳು.

ಆ ದಿನ ಆಕೆಯನ್ನು ಕೈಹಿಡಿದು ಮನೆಗೆ ಕರೆತಂದವಳು ಮಗಳು. ಅದೇ ನಿಲ್ದಾಣದಿಂದ ಸಿಟಿ ಬಸ್ಸು ಓಡಿಸುತ್ತಿದ್ದ ಅವಳು ಅಮ್ಮನ ಕಾಯಿಲೆ ಗೊತ್ತಾದ ಮೇಲೆ ಮನೆಯ ಮೇಲಿನ ಕೋಣೆಗೇ ಬಂದು ಇದ್ದುಬಿಟ್ಟಿದ್ದಳು. "ಅಪ್ಪ, ದಿನಾ ಸುಳ್ಳು ಹೇಳೋದಕ್ಕಿಂತ ನಾಲ್ಕು ಕೋಳಿ ತಂದ್ಬಿಡೋಣ" ಎಂದಳು.

ತಂದರು. ಮೂರು ಕಂದು, ಒಂದು ಚುಕ್ಕೆಯದು. ಚುಕ್ಕೆ ಕೋಳಿ ಬಂದವಳೇ ಇಡೀ ಹಿತ್ತಲನ್ನು ಸುತ್ತಿ, ಬಕೆಟ್ಟಿನೊಳಗೆ ಇಣುಕಿ, ದರ್ಜಿಯ ಚಪ್ಪಲಿಯನ್ನೂ ಕುಕ್ಕಿ ನೋಡಿದಳು. "ಇವಳು ಇನ್‌ಸ್ಪೆಕ್ಟರು" ಎಂದು ಹೆಂಡತಿ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ಆ ನಗುವಿಗೆ ಅಪ್ಪ ಮಗಳು ಇಬ್ಬರೂ ಮುಖ ಆಚೆ ತಿರುಗಿಸಿಕೊಂಡರು.

ರಾತ್ರಿ ಮಲಗಲು ಮಾಡಿನ ಮೂಲೆಯಲ್ಲಿ ಅಡ್ಡಕೋಲು ಕಟ್ಟಿದ್ದಾಯಿತು. ಆದರೆ ಮೊಟ್ಟೆ ಇಡಲು ಜಾಗವಿರಲಿಲ್ಲ. ಕೋಳಿಗಳು ತಮಗೆ ತೋಚಿದಲ್ಲಿ ಇಟ್ಟವು: ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ, ಹೂಕುಂಡದ ಹಿಂದೆ, ಹೊಲಿಗೆ ಯಂತ್ರದ ಕೆಳಗಿನ ಚಿಂದಿಯ ರಾಶಿಯಲ್ಲಿ. ಇನ್‌ಸ್ಪೆಕ್ಟರು ಬಾಗಿಲ ಬಳಿ ಬಿಟ್ಟಿದ್ದ ಬೂಟಿನೊಳಗೆ ಇಟ್ಟಳು. ಮಗಳು ಡ್ಯೂಟಿಗೆ ಹೊರಡುವ ಅವಸರದಲ್ಲಿ ಅದರೊಳಗೆ ಕಾಲು ತೂರಿಸಿ ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

"ಗೂಡು ಬೇಕು ಕಣ್ರೀ" ಎಂದಳು ಹೆಂಡತಿ. "ಮರೆ ಇಲ್ಲದೆ ಯಾವ ಹೆಣ್ಣು ತಾನೇ ಇಡ್ತಾಳೆ?"

ದರ್ಜಿ ಗೋಣಿ ಸರಿಸಿ ಅಂಗಡಿಯ ರ‍್ಯಾಕು ತೋರಿಸಿದ. ಸಾಲಾಗಿ ಮೂರು ಖಾನೆ. ಕೋಟಿನ ಬಟ್ಟೆ, ಅಸ್ತರಿನ ಬಟ್ಟೆ, ಪ್ಯಾಂಟಿನ ಬಟ್ಟೆ ಇಡುತ್ತಿದ್ದ ಜಾಗ. ಆಕೆ ಖಾನೆಯೊಳಗೆ ತೋಳು ತೂರಿಸಿ, ಮೊಣಕೈವರೆಗೆ ಹೋಗುತ್ತದೋ ಇಲ್ಲವೋ ನೋಡಿ, "ಇದೇ ಸಾಕು" ಎಂದಳು.

ನಿನ್ನೆ ಏನು ಉಂಡೆ ಎಂದು ಹೇಳಲಾಗದ ಹೆಂಗಸಿಗೆ ಕೋಳಿಯ ಗೂಡಿನ ವಿಷಯ ಕೂದಲೆಳೆಯಷ್ಟೂ ಮಾಸಿರಲಿಲ್ಲ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಆಕೆ ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ಗೂಡು ಅಡ್ಡಕೋಲಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ರಾತ್ರಿಯೆಲ್ಲ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಮುಂದುಗಡೆ ಗೇಣೆತ್ತರದ ಅಡ್ಡಪಟ್ಟಿ ಬೇಕು, ಹುಲ್ಲು ಉದುರಬಾರದು, ಮೊಟ್ಟೆ ಉರುಳಬಾರದು. ಬಿಸಿಲು ನೇರ ಬೀಳಬಾರದು. ದರ್ಜಿ ತನ್ನ ಟೇಪು ಹಿಡಿದು ಇನ್‌ಸ್ಪೆಕ್ಟರ ಎದೆಯ ಸುತ್ತಳತೆ ತೆಗೆಯಲು ಹೋದಾಗ ಆಕೆ ಬಿದ್ದುಬಿದ್ದು ನಕ್ಕಳು.

"ಏನ್ರೀ ಅದು, ಕೋಳಿಗೆ ಕೋಟು ಹೊಲೀತೀರಾ?"

"ಒಳಗೆ ತಿರುಗೋಕೆ ಜಾಗ ಸಾಕಾಗುತ್ತಾ ನೋಡ್ತಿದೀನಿ ಕಣೇ."

"ನನ್ನ ಮದುವೆ ಬಟ್ಟೆಗೂ ಇಷ್ಟು ಮುತುವರ್ಜಿಯಿಂದ ಅಳತೆ ತೆಗೀಲಿಲ್ಲ ನೀವು."

ಅವನು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ತಲೆ ತಗ್ಗಿಸಿದ. ಕಣ್ಣು ತುಂಬಿದ್ದು ಆಕೆಗೆ ಕಾಣಬಾರದಿತ್ತು. ಕೋಳಿಗೆ ಮೊಟ್ಟೆ ಇಡುವ ಜಾಗ ಇದೇ ಎಂದು ತಿಳಿಯಲು ಖಾನೆಯಲ್ಲಿ ಸುಳ್ಳು ಮೊಟ್ಟೆ ಇಡಬೇಕು ಎಂದಳು. ಹರಿದ ಕಾಲುಚೀಲಕ್ಕೆ ರಫು ಹಾಕುವಾಗ ಒಳಗೆ ಇಟ್ಟುಕೊಳ್ಳುವ ಮರದ ಮೊಟ್ಟೆಯನ್ನು ಅವನು ಡಬ್ಬಿಯಿಂದ ತೆಗೆದುಕೊಟ್ಟ. ಆಕೆ ಅದನ್ನು ಹುಲ್ಲಿನ ನಡುವೆ, ಮಗುವಿನ ತಲೆ ಇಡುವಂತೆ ಇಟ್ಟಳು. ಅಷ್ಟು ಒಳ್ಳೆಯ ದಿನಗಳು ಅವರಿಗೆ ಬಂದು ತುಂಬ ಕಾಲವಾಗಿತ್ತು.

ಮುಂದಿನ ವಾರ ಅವನು ಗೂಡಿನ ಮೇಲೆ ಇಳಿಜಾರು ಹಲಗೆ ಕೂಡಿಸುತ್ತಿದ್ದ. ಮೇಲೆ ಚಪ್ಪಟೆ ಬಿಟ್ಟರೆ ಕೋಳಿ ಹತ್ತಿ ಕೂರುತ್ತವಂತೆ. ಆಕೆ ಬಕೆಟ್ಟಿನ ಮೇಲಿಂದ ಹೇಳಿದಳು, "ಮೇಸ್ತ್ರಿ, ಆ ಕಡೆ ಇನ್ನೊಂಚೂರು ಎತ್ತಿ."

"ಆಗ್ಲಿ ಅಮ್ಮಾವ್ರೇ" ಎಂದು ಅವನು ನಾಟಕದವನಂತೆ ಸಲಾಮು ಹೊಡೆದ. ಆಕೆ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ನೀರು ತಂದಳು. ಕೈಗೆ ಕೊಡಲಿಲ್ಲ. ಲೋಟವನ್ನು ಮೆಟ್ಟಿಲ ಮೇಲಿಟ್ಟು, "ಬಿಸಿಲಲ್ಲಿ ಮಾಡ್ತಿದೀರಿ, ಕುಡೀರಿ" ಎಂದು ಹೇಳಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು.

ದರ್ಜಿ ನಗುತ್ತಲೇ ಬಾಗಿಲು ತಟ್ಟಿದ. "ಸಾಕು ಕಣೇ ತಮಾಷೆ. ತೆಗಿ."

ಒಳಗಿನಿಂದ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಯಜಮಾನರು ಅಂಗಡಿಗೆ ಹೋಗಿದಾರೆ ಮೇಸ್ತ್ರಿ. ಅವರು ಬಂದ ಮೇಲೆ ಬನ್ನಿ."

ಆಗ ಅವನಿಗೆ ಹೊಳೆಯಿತು. ಬೆಳಗಿನಿಂದ ಆಕೆಯ ಬಾಯಲ್ಲಿ ಒಂದು ಸಲವೂ 'ರೀ' ಎಂಬ ಮಾತು ಬಂದಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಆ ನೀರು ಕುಡಿದ.

ಸಂಜೆ ಮಗಳು ಬಂದ ಮೇಲೆ ಅವನು ಕೈಮುಖ ತೊಳೆದು, ಅವಳು ತಂದುಕೊಟ್ಟ ಕೋಟು ಹಾಕಿಕೊಂಡು, ಬೀದಿ ಸುತ್ತಿ ಮುಂಬಾಗಿಲಿಂದ ಒಳಗೆ ಬಂದ. "ಯಾಕ್ರೀ ಇಷ್ಟು ಹೊತ್ತು? ಗೂಡಿನ ಮೇಸ್ತ್ರಿ ನಿಮ್ಮನ್ನ ಕಾದು ಕಾದು ಹೋದ ಪಾಪ" ಎಂದಳು ಹೆಂಡತಿ. ಅವನಿಗೆ ಹೋದ ಜೀವ ಬಂದಂತಾಯಿತು. ಮಗಳು ಮಾತ್ರ ಅಡುಗೆಮನೆಯ ಕತ್ತಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಕೆಲವು ದಿನ ಹೀಗೇ ನಡೆಯಿತು: ಹಿತ್ತಲಲ್ಲಿ ಮೇಸ್ತ್ರಿ, ಮುಂಬಾಗಿಲಲ್ಲಿ ಗಂಡ. ಹೇಗೋ ನಡೆದರೆ ಸಾಕು ಎಂದು ದರ್ಜಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆಮೇಲೊಂದು ಸಂಜೆ ಮುಂಬಾಗಿಲೂ ಕೈಕೊಟ್ಟಿತು. ಅವನು ಕೋಟು ಹಾಕಿಕೊಂಡು ಒಳಗೆ ಬಂದರೆ ಆಕೆ ಗೋಡೆಗೆ ಒತ್ತಿಕೊಂಡು ನಿಂತಳು.

"ಯಾರು ನೀವು? ಯಾರು ಬೇಕಿತ್ತು?"

ಬೇರೆ ದಿನವಾಗಿದ್ದರೆ ಸುಮ್ಮನೆ ಹಿಂದೆ ಸರಿಯುತ್ತಿದ್ದನೇನೋ. ಆ ದಿನ ಅವನ ಕೈಲಾಗಲಿಲ್ಲ. "ನಾನೇ ಕಣೇ. ನಿನ್ನ ಗಂಡ. ಸರಿಯಾಗಿ ನೋಡು" ಎಂದು ಆಕೆಯ ಮಣಿಕಟ್ಟು ಹಿಡಿದ. ಗೋಡೆಯ ಮೇಲಿದ್ದ ಮದುವೆಯ ಫೋಟೋ ಕಿತ್ತು ತಂದು ಮುಖದ ಮುಂದೆ ಹಿಡಿದ. "ಇಲ್ನೋಡು, ಇದು ನೀನು, ಇದು ನಾನು."

ಆಕೆ ಫೋಟೋ ನೋಡಿದಳು. ಅವನನ್ನು ನೋಡಿದಳು. "ಇವರು ಹುಡುಗ. ನೀವು ಮುದುಕರು" ಎಂದಳು. "ಇವರನ್ನ ಏನು ಮಾಡಿದ್ರಿ?"

ಅವನು ಕೈ ಬಿಡಲಿಲ್ಲ. ಬಿಡಬೇಕು ಎಂಬುದೇ ಅವನಿಗೆ ತೋಚಲಿಲ್ಲ. ಆಕೆ ಕೂಗಿಕೊಂಡಳು. ಮೇಜಿನ ಮೇಲಿದ್ದ ಅವನದೇ ಕತ್ತರಿಗೆ ಕೈ ಹಾಕಿದಳು. ಪಕ್ಕದ ಮನೆಯವರು ಓಡಿಬಂದರು, ಮಗಳು ಮೇಲಿನಿಂದ ದಡದಡ ಇಳಿದು ಬಂದಳು. "ಪುಟ್ಟೀ, ಇವನು ನಿಮ್ಮಪ್ಪನಿಗೆ ಏನೋ ಮಾಡಿದಾನೆ" ಎಂದು ಆಕೆ ಮಗಳನ್ನು ಅಪ್ಪಿಕೊಂಡು ಗಡಗಡ ನಡುಗಿದಳು. ಮಗಳ ಗುರುತಿತ್ತು, ಅವನದಿರಲಿಲ್ಲ. ಹಿತ್ತಲಿಗೆ ಹೋಗಿ ನಿಂತ ದರ್ಜಿಗೆ ತನ್ನ ಸ್ವಂತ ಮಗಳ ಮೇಲೇ ಹೊಟ್ಟೆಕಿಚ್ಚು ಬಂತು. ಬಂದದ್ದಕ್ಕೆ ನಾಚಿಕೆಯೂ ಬಂತು. ಆಕೆಯ ಮಣಿಕಟ್ಟಿನ ಮೇಲೆ ಅವನ ಬೆರಳಿನ ಕೆಂಪು ಗುರುತು ಮೂಡಿತ್ತು ಎಂದು ಮಗಳು ಆಮೇಲೆ ಹೇಳಿದಳು. ಹೇಳಬಾರದಿತ್ತು, ಆದರೆ ಅವಳೂ ಸೋತುಹೋಗಿದ್ದಳು.

ಮಾರನೆಯ ಬೆಳಿಗ್ಗೆ ಅವನು ಹಿತ್ತಲ ಗೇಟಿನಿಂದ ಬಂದ. ಮಾಸಿದ ಅಂಗಿ, ಕೈಯಲ್ಲಿ ಸುತ್ತಿಗೆ ಮೊಳೆಗಳ ಚೀಲ. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಟ್ಟಿಯಾಗಿಯೇ ಇದ್ದ ಪಟ್ಟಿಯನ್ನು ಸುಮ್ಮನೆ ಕುಟ್ಟತೊಡಗಿದ. ಬಾಗಿಲು ತೆರೆಯಿತು.

"ಓ, ಮೇಸ್ತ್ರಿ ಬಂದ್ರಾ" ಎಂದಳು ಆಕೆ. ಮುಖದಲ್ಲಿ ನಿನ್ನೆಯ ಸುಳಿವೂ ಇರಲಿಲ್ಲ. ಬಂದು ಬಕೆಟ್ಟಿನ ಮೇಲೆ ಕೂತಳು.

"ಬಂದೆ ಅಮ್ಮ. ನೀವು ಹೇಗಿದೀರಿ?" ಮೂವತ್ತೈದು ವರ್ಷ 'ನೀನು' ಎಂದ ನಾಲಿಗೆಗೆ ಆ 'ನೀವು' ಕಲ್ಲಿನ ಹಾಗೆ ಸಿಕ್ಕಿತು.

ಆಕೆ ಸ್ವಲ್ಪ ಹೊತ್ತು ಕೋಳಿಗಳನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಹತ್ರ ಒಂದು ಮಾತು ಹೇಳ್ಲಾ? ನೀವು ಹೊರಗಿನವರು, ಅದಕ್ಕೇ ಹೇಳ್ತಿದೀನಿ. ಮನೇಲಿ ಯಾರ ಹತ್ರಾನೂ ಹೇಳೋಕಾಗಲ್ಲ" ಎಂದಳು.

"ಹೇಳಿ ಅಮ್ಮ."

"ನನಗೆ ಎಲ್ಲಾ ಮರೆತುಹೋಗ್ತಿದೆ ಮೇಸ್ತ್ರಿ. ಒಂದೊಂದೇ, ಕೈಯಿಂದ ಜಾರಿದ ಹಾಗೆ. ನಮ್ಮ ಯಜಮಾನರ ಮುಖ ನೆನಪು ಮಾಡ್ಕೋಬೇಕು ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದೀನಿ. ಬರ್ತಾನೇ ಇಲ್ಲ. ಮಿಷನ್ ತುಳಿಯೋ ಸದ್ದು ನೆನಪಿದೆ. ಬಾಯಲ್ಲಿ ಸೂಜಿ ಕಚ್ಕೊಂಡು ಮಾತಾಡೋರು, ಅದೂ ನೆನಪಿದೆ. ನುಂಗ್ತಾರೆ ನುಂಗ್ತಾರೆ ಅಂತ ನಾನು ಬಯ್ತಿದ್ದೆ. ಮುಖ ಮಾತ್ರ..." ಆಕೆ ಕೈಯಾಡಿಸಿದಳು, ಹೊಗೆ ಸರಿಸುವಂತೆ. "ಅವರಿಗೆ ಹೇಳ್ಬೇಡಿ. ನೀವು ಎಲ್ಲಾದ್ರೂ ಸಿಕ್ಕಿದಾಗ ಬಾಯಿತಪ್ಪಿ ಹೇಳಿಬಿಟ್ಟೀರಿ. ತುಂಬಾ ಮೆತ್ತಗಿನ ಮನುಷ್ಯ. ನಾನು ಅವರನ್ನ ಮರೆತೆ ಅಂತ ಗೊತ್ತಾದ್ರೆ ಉಳಿಯೋಲ್ಲ."

ಬೇಲಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ದರ್ಜಿ ಮೊಳೆಯನ್ನೇ ನೋಡುತ್ತಿದ್ದ.

"ಹೇಳೋದಿಲ್ಲ ಅಮ್ಮ" ಎಂದ.

"ಆಣೆ?"

"ಆಣೆ."

ಆ ಮಾತನ್ನು ಅವನು ಉಳಿಸಿಕೊಂಡ. ಅಂದಿನಿಂದ ಆಕೆಯ ಎದುರು ಮತ್ತೆ ಗಂಡನಾಗಲು ಹೋಗಲಿಲ್ಲ. ಗೂಡಿನ ಕೆಲಸ ಮುಗಿಯುವಂತಿರಲಿಲ್ಲ, ಮುಗಿದರೆ ಮೇಸ್ತ್ರಿ ಬರುವುದಾದರೂ ಯಾಕೆ? ಸಂಜೆ ಕಿತ್ತ ಮೊಳೆಯನ್ನು ಬೆಳಿಗ್ಗೆ ಹೊಡೆದ. ಅಡ್ಡಪಟ್ಟಿಯನ್ನು ಬಿಚ್ಚಿ ಉಜ್ಜಿ ಮತ್ತೆ ಕೂಡಿಸಿದ. ಖಾನೆಗಳ ಮುಂದೆ ಅಸ್ತರಿನ ಬಟ್ಟೆಯಿಂದ ಪುಟ್ಟ ಪರದೆ ಹೊಲಿದು ಕಟ್ಟಿದ. ಅದರ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರಿ ಆಕೆ, "ಮೇಸ್ತ್ರಿ, ನಿಮ್ಮ ಕೈಲಿ ದರ್ಜಿ ಕೆಲಸಾನೂ ಇದೆಯಲ್ಲಾ!" ಎಂದು ಬೆರಗಾದಳು. ಕೋಳಿಗಳು ಒಂದೊಂದಾಗಿ ಗೂಡಿಗೆ ಒಗ್ಗಿಕೊಂಡವು. ಮೂರು ಖಾನೆಯಿದ್ದರೂ ಎಲ್ಲಕ್ಕೂ ನಡುವಿನದೇ ಬೇಕು. ಇನ್‌ಸ್ಪೆಕ್ಟರು ಒಳಗಿದ್ದರೆ ಉಳಿದವು ಹೊರಗೆ ಸಾಲುಗಟ್ಟಿ ಗೊಣಗುತ್ತಿದ್ದವು.

"ಹೀಗೆ ಎಷ್ಟು ದಿನ ಅಪ್ಪ?" ಎಂದು ಮಗಳು ಒಮ್ಮೆ ಸಿಟ್ಟಿಗೆದ್ದಳು. "ನಿನ್ನ ಮನೆಗೆ ನೀನೇ ಕೂಲಿಯವನ ಹಾಗೆ ಹಿಂದಿನ ಗೇಟಿಂದ ಬರೋದು! ನನಗೆ ನೋಡೋಕಾಗಲ್ಲ."

"ನನ್ನ ಕಂಡ್ರೆ ಅವಳು ಹೆದರೋದಿಲ್ಲ ಈಗ. ಅಷ್ಟು ಸಾಕು ಬಿಡು."

"ನಿನಗೆ ಸಾಕಾ?"

ಅವನಿಗೆ ಸಾಕಾಗಿರಲಿಲ್ಲ. ರಾತ್ರಿ ಮುಂದಿನ ಕೋಣೆಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿ, ಗೋಡೆಯಾಚೆ ಆಕೆ ಕೆಮ್ಮುವುದನ್ನು ಕೇಳುತ್ತಿದ್ದ. ಆದರೆ ಬೆಳಿಗ್ಗೆ ಆಕೆ ಯಜಮಾನರ ಸುದ್ದಿ ತೆಗೆಯುತ್ತಿದ್ದಳಲ್ಲ, ಆ ಹೊತ್ತಿಗಾಗಿ ಅವನು ಬದುಕಿದ್ದ. ಮೊದಲ ಸಂಬಳದಲ್ಲಿ ಯಜಮಾನರಿಗೆ ಕೈಗಡಿಯಾರ ಕೊಡಿಸಿದ್ದು. ಮಗಳು ಹುಟ್ಟಿದ ದಿನ ಅವರು ಆಸ್ಪತ್ರೆಯ ಹೊರಗೆ ನಿಂತು ಖುಷಿಗೆ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡಿದ್ದು. ಕೋಳಿ ಸಾಕಬೇಕು ಎಂಬ ಆಸೆ ಇದ್ದರೂ ಅವರಿಗೆ ವಾಸನೆ ಆಗದೆಂದು ಆಕೆ ಬಾಯಿಬಿಡದೆ ಇದ್ದದ್ದು. ಇದನ್ನು ಮಾತ್ರ ಅವನು ಎಂದೂ ಅರಿತಿರಲಿಲ್ಲ. "ಕೇಳಿದ್ರೆ ತರ್ತಿದ್ರು ಅಮ್ಮ" ಎಂದ. "ತರ್ತಿದ್ರು. ಅದಕ್ಕೇ ಕೇಳಲಿಲ್ಲ" ಎಂದಳು ಆಕೆ.

ಒಂದು ಮಧ್ಯಾಹ್ನ ಆಕೆಯೇ ಅವನನ್ನು ಊಟಕ್ಕೆ ಒಳಗೆ ಕರೆದಳು. ಅವನು ತನ್ನದೇ ಅಡುಗೆಮನೆಯಲ್ಲಿ ನೆಂಟನ ಹಾಗೆ, ಕುರ್ಚಿಯ ತುದಿಯಲ್ಲಿ ಕೂತ. ಆಕೆ ತಟ್ಟೆಗೆ ಆಮ್ಲೆಟ್ಟು ಹಾಕುತ್ತ, "ನಿಮ್ಮ ಮನೆಯವರು ಇದಾರಾ ಮೇಸ್ತ್ರಿ?" ಎಂದಳು.

"ಇದಾರೆ ಅಮ್ಮ."

"ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?"

"ತುಂಬಾ ಚೆನ್ನಾಗಿ ನೋಡ್ಕೊಂಡ್ರು."

ಚಳಿ ಬರುವ ಹೊತ್ತಿಗೆ ಆಕೆ ಹಿತ್ತಲಿಗೆ ಬರುವುದು ಕಮ್ಮಿಯಾಯಿತು. ಹಗಲಿಗೆ ಒಬ್ಬ ದಾದಿಯನ್ನು ಇಟ್ಟುಕೊಂಡರು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದರು, ಗೂಡು ಕಾಣುವ ಹಾಗೆ. ಆಕೆಯ ನೆನಪಿನಿಂದ ಮೊದಲು ಕೋಳಿಗಳ ವಿಚಾರ ಹೋಯಿತು. ಆಮೇಲೆ 'ಪುಟ್ಟಿ' ಹೋಯಿತು. ಮಗಳು ಯೂನಿಫಾರ್ಮಿನಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಾಗ ದರ್ಜಿ ಅವಳ ತಲೆ ಸವರಿದ. ಹಿಂದೊಮ್ಮೆ ಪಟ್ಟ ಹೊಟ್ಟೆಕಿಚ್ಚು ನೆನಪಾಗಿ ಅವಳ ಪಕ್ಕದಲ್ಲೇ ಕೂತ. ಮೇಸ್ತ್ರಿ ಮಾತ್ರ ಉಳಿದಿದ್ದ. ದಿನಾ ಒಂದು ಹೊತ್ತು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಗೂಡಿನ ಸಮಾಚಾರ ಒಪ್ಪಿಸುತ್ತಿದ್ದ. ಆಕೆ ತಲೆಯಾಡಿಸಿ, ಕೊನೆಗೆ, "ಯಜಮಾನರು ಬರಲಿ, ಹೇಳ್ತೀನಿ" ಎನ್ನುತ್ತಿದ್ದಳು.

ಒಂದು ದಿನ ಆಕೆ ಅದನ್ನು ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ದರ್ಜಿ ಕಾದ. ಕೊನೆಗೆ ತಡೆಯಲಾರದೆ ತಾನೇ ಕೇಳಿದ.

"ಯಜಮಾನರು ಇನ್ನೂ ಬರಲಿಲ್ವಾ ಅಮ್ಮ?"

"ಯಾರು?"

"ನಿಮ್ಮ ಯಜಮಾನರು. ದರ್ಜಿ. ಕೋಟು ಹೊಲಿಯೋರು. ಬಾಯಲ್ಲಿ ಸೂಜಿ ಕಚ್ಕೊಂಡು ಮಾತಾಡೋರು."

ಆಕೆ ಯೋಚಿಸಿದಳು. ನಿಜವಾಗಿಯೂ, ಅವನಿಗೆ ಸಹಾಯ ಮಾಡಬೇಕೆಂದೇ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ಬಲು ಮರ್ಯಾದೆಯಿಂದ, "ಅಂಥವರು ಯಾರೂ ಗೊತ್ತಿಲ್ಲ ಮೇಸ್ತ್ರಿ. ಪಕ್ಕದ ಬೀದೀಲಿ ಒಂದ್ಸಲ ಕೇಳಿ ನೋಡಿ" ಎಂದಳು.

"ಕೇಳ್ತೀನಿ ಅಮ್ಮ" ಎಂದು ಅವನು ಎದ್ದ.

ದಾದಿಗೆ ಹೇಳಿ ಗೇಟು ದಾಟಿದ. ಪಕ್ಕದ ಬೀದಿಗೇ ಹೋದ. ಹೋಗಿ ಏನು ಮಾಡುವುದೆಂದು ಅವನಿಗೂ ಗೊತ್ತಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಒಂದೊಂದು ಮನೆಯ ಬಾಗಿಲನ್ನೂ ನೋಡುತ್ತ ನಡೆದ. ಔಷಧಿ ಅಂಗಡಿ, ಲಾಂಡ್ರಿ, ಯಾರದೋ ಮನೆಯ ಮುಂದೆ ಒಣಗಲು ಹಾಕಿದ ಕಂಬಳಿ. ಬೀದಿ ಮುಗಿದು ದೊಡ್ಡ ರಸ್ತೆ ಬಂತು. ಅಲ್ಲಿ ಕಂಬ ಹಿಡಿದು ನಿಂತುಬಿಟ್ಟ.

ಆ ದಾರಿಯಲ್ಲಿ ಮಗಳ ಬಸ್ಸು ಬರುತ್ತಿತ್ತು. ನಿಲ್ದಾಣವಲ್ಲದ ಕಡೆ ಅವಳು ಎಂದೂ ನಿಲ್ಲಿಸಿದವಳಲ್ಲ. ಅಂದು ನಿಲ್ಲಿಸಿ ಬಾಗಿಲು ತೆರೆದಳು. "ಅಪ್ಪಾ! ಏನಾಯ್ತು? ಅಮ್ಮ...?"

"ಅವಳು ಚೆನ್ನಾಗಿದಾಳೆ" ಎಂದ ದರ್ಜಿ. ಒಂದು ಮೆಟ್ಟಿಲು ಹತ್ತಿದ. ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ಕಂಬಿ ಹಿಡಿದು, ಇಷ್ಟು ದಿನ ತಡೆದಿಟ್ಟುಕೊಂಡದ್ದನ್ನೆಲ್ಲ, ಜನರೆದುರು, ಎಳೆಮಗುವಿನ ಹಾಗೆ ಅತ್ತ.

ಬಸ್ಸಿನಲ್ಲಿ ಯಾರೂ ತಡವಾಯಿತು ಎಂದು ಗೊಣಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಎದ್ದು ಅವನ ತೋಳು ಹಿಡಿದು ಕೂರಿಸಿದಳು. ಮಗಳು ತನ್ನ ಕರವಸ್ತ್ರ ತೆಗೆದು ಹಿಂದಕ್ಕೆ ಚಾಚಿದಳು, ಕಣ್ಣೊರೆಸಿಕೊಂಡು ಗೇರು ಹಾಕಿದಳು. ಕೊನೆಯ ನಿಲ್ದಾಣದವರೆಗೂ ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಗಳ ಬೆನ್ನನ್ನೇ ನೋಡುತ್ತ ಕೂತಿದ್ದ.